ಕಡುಬು, ಮಗ್ ಚಾ ಮತ್ತು ಮೂಲೆ ಬೆಂಚು: ಆಗುಂಬೆ ರಸ್ತೆಯ ಒಂದು ಹೋಟೆಲ್

ತೀರ್ಥಹಳ್ಳಿ ಪೇಟೆ ದಾಟಿ ಆಗುಂಬೆ ಕಡೆ ಸ್ವಲ್ಪ ದೂರ ಹೋದರೆ ರಸ್ತೆ ಪಕ್ಕ ಒಂದು ಹೆಂಚಿನ ಮನೆ ಸಿಗುತ್ತದೆ. ಮುಂದೆ ತಗಡಿನ ಚಪ್ಪರ, ಪಕ್ಕದಲ್ಲಿ ಹಲಸಿನ ಮರ. ಬೋರ್ಡಿನ ಬಣ್ಣ ಮಳೆಗೆ ತೊಳೆದು ಹೋಗಿದೆ. ನಡೆಸುವವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು, ಹಾಗಾಗಿ ಊರವರು ಅದನ್ನು ಹವಾಲ್ದಾರರ ಹೋಟೆಲ್ ಅಂತಲೇ ಕರೆಯುತ್ತಾರೆ. ಬೆಳಿಗ್ಗೆ ಏಳಕ್ಕೆ ತೆರೆದು ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತದೆ. ಸೋಮವಾರ ರಜ.

ನಾನು ಹತ್ತಿರದ ಹಳ್ಳಿಯೊಂದರಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್. ಎರಡು ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ ಅಪ್ಪಯ್ಯನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ. ಇಷ್ಟು ದಿನ ತಿಂದು, ಕೇಳಿ, ಈಗ ಬರೆಯೋಣ ಅನ್ನಿಸಿತು.

ಮೊದಲು ಕಡುಬು. ಒಳ್ಳೆ ಕಡುಬನ್ನು ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಮುರಿದರೆ ಪುಡಿ ಆಗಬಾರದು, ಕೈಗೂ ಅಂಟಬಾರದು. ಅಕ್ಕಿ ತರಿ ಜಾಸ್ತಿ ನುಣ್ಣಗಾದರೆ ಅಂಟು, ದಪ್ಪ ಆದರೆ ಗಂಟಲಲ್ಲಿ ನಿಲ್ಲುತ್ತದೆ. ಇಲ್ಲಿ ಹವಾಲ್ದಾರರ ಹೆಂಡತಿ ತರಿಯನ್ನು ತಾವೇ ನೋಡಿ ಒಡೆಸುತ್ತಾರೆ, ಪ್ಯಾಕೆಟ್ ತರಿ ತರುವುದಿಲ್ಲ. ಎರಡು ಕಡುಬು, ಕಾಯಿ ಚಟ್ನಿ, ಮೇಲೊಂದು ಚಮಚ ತುಪ್ಪ, 40 ರೂಪಾಯಿ. ಭಾನುವಾರ ಕೋಳಿ ಸಾರು ಇರುತ್ತದೆ, ಅದಕ್ಕೆ ಬೇರೆ ದುಡ್ಡು. ಸಾರು ಖಾರ ಜಾಸ್ತಿ, ಆದರೆ ಕಡುಬಿಗೆ ಹಾಗೇ ಇರಬೇಕು. ಮಳೆಗಾಲದಲ್ಲಿ ಕಳಲೆ ಪಲ್ಯ ಮತ್ತು ಪತ್ರೊಡೆ ಮಾಡುತ್ತಾರೆ. ಪತ್ರೊಡೆಗೆ ಹುಳಿ ಸರಿಯಾಗಿ ಹಾಕುತ್ತಾರೆ, ಗಂಟಲು ಕೆರೆಯುವುದಿಲ್ಲ. ಒಂಬತ್ತೂವರೆ ಮೇಲೆ ಹೋದರೆ ಕಡುಬು ಸಿಗುವ ನಂಬಿಕೆ ಇಲ್ಲ. ನೀರು ದೋಸೆ ಪರವಾಗಿಲ್ಲ ಅನ್ನುವಷ್ಟು. ಕಾಫಿ ತೆಳು, ನನಗೆ ಇಷ್ಟವಾಗಲಿಲ್ಲ.

ಕಾಫಿ ಬೇಡ, ಚಾ ಕುಡಿಯಿರಿ. ಸ್ಟೀಲ್ ಮಗ್ ತುಂಬ ಕೊಡುತ್ತಾರೆ. ಶುಂಠಿ ಜಜ್ಜಿ ಹಾಕಿ, ಚೆನ್ನಾಗಿ ಕುದಿಸಿ, ಸಕ್ಕರೆ ಧಾರಾಳವಾಗಿ ಹಾಕಿದ ಚಾ. ಫೌಜಿನಲ್ಲಿ ಚಾ ಅಂದರೆ ಮಗ್ ಲೆಕ್ಕವೇ ಅಂತೆ. ಕೌಂಟರ್ ಮೇಲಿನ ಗಾಜಿನ ಭರಣಿಯಲ್ಲಿ ಶಕ್ಕರ್‌ಪಾರೆ ಇರುತ್ತದೆ. ಮೈದಾ ಹಿಟ್ಟಿನ ಸಿಹಿ ಬಿಲ್ಲೆ. ನಮ್ಮ ಕಡೆ ಶಂಕರಪೋಳಿ ಅಂತೇವಲ್ಲ, ಅದೇ. ಈ ಭರಣಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿಂದ ಬಂದವರು ಕೆಲವರು ಇದನ್ನು ಮಿಲಿಟರಿ ಹೋಟೆಲ್ ಅಂತ ತಿಳಿದು ಮುದ್ದೆ, ಮಟನ್ ಕೇಳುತ್ತಾರೆ. ಅದು ಇಲ್ಲಿ ಇಲ್ಲ. ಮಿಲಿಟರಿಯವರು ಇದ್ದಾರೆ.

ಒಳಗೆ ಹೋದರೆ ಬಲಗಡೆ ಕಿಟಕಿ ಪಕ್ಕ ಉದ್ದದ ಬೆಂಚು, ಎದುರಿಗೆ ಮೇಜು. ಭಾನುವಾರ ಎಂಟರಿಂದ ಹತ್ತೂವರೆ ತನಕ ಅದು ಸೈನ್ಯದಿಂದ ನಿವೃತ್ತರಾದವರಿಗೆ. ಹಾಗಂತ ಎಲ್ಲೂ ಬರೆದು ಹಾಕಿಲ್ಲ. ಸುತ್ತಲ ಹಳ್ಳಿಗಳಿಂದ ಐದಾರು ಜನ ಬರುತ್ತಾರೆ, ಕೆಲವು ವಾರ ಹತ್ತು. ಕೊಪ್ಪ ಕಡೆಯಿಂದಲೂ ಒಬ್ಬರು ಬರುತ್ತಾರೆ. ಬೇರೆ ಗಿರಾಕಿಗಳು ಕೂತರೂ ಯಾರೂ ಏಳಿಸುವುದಿಲ್ಲ. ಅವರ ಮಾತು ಕೇಳುತ್ತಾ ಕಡುಬು ತಿನ್ನಬಹುದು. ಅಲ್ಲಿ ಒಂದು ಟಿವಿ ಇತ್ತು, ಹವಾಲ್ದಾರರೇ ತೆಗೆದು ಮನೆಯೊಳಗೆ ಇಟ್ಟರು. ಬಹಳ ಒಳ್ಳೆಯದು ಮಾಡಿದರು.

ಹೋದ ವರ್ಷ ಒಬ್ಬ ಕಾಲೇಜು ಹುಡುಗ ಮೊಬೈಲ್ ಹಿಡಿದು ಬಂದಿದ್ದ. ಬೆಂಚಿನ ತುದಿಯಲ್ಲಿ ಕೂತಿದ್ದವರನ್ನು ನೇರವಾಗಿ ಕೇಳಿದ, “ಸರ್, ನೀವು ಎಷ್ಟು ಜನರನ್ನ ಹೊಡೆದಿದ್ದೀರಿ?” ಮೇಜಿನ ಮೇಲೆ ಎಲ್ಲರ ಕೈ ನಿಂತಿತು. ಹವಾಲ್ದಾರರು ಬಂದು ಆ ಹುಡುಗನ ಮುಂದೆ ಒಂದು ಮಗ್ ಚಾ ಇಟ್ಟರು. “ಮಗಾ, ಮೊದಲು ಅಲ್ಲಿ ಊಟಕ್ಕೆ ಏನಿತ್ತು ಕೇಳು. ಆಮೇಲೆ ಊರಿಗೆ ಹ್ಯಾಗೆ ಬಂದ್ರಿ ಅಂತ ಕೇಳು. ಅವರೇ ಹೇಳ್ತಾರೆ” ಅಂದರು. ಹುಡುಗ ಒಳ್ಳೆಯವನು. ಮೊಬೈಲ್ ಜೇಬಿಗೆ ಹಾಕಿ ಹಾಗೇ ಕೇಳಿದ. ಹತ್ತೂವರೆಗೆ ಏಳಬೇಕಾದವರು ಅವತ್ತು ಹನ್ನೆರಡರವರೆಗೆ ಕೂತಿದ್ದರು.

ಈ ಎರಡು ಪ್ರಶ್ನೆ ನಾನು ನನ್ನ ಮನೆಯಲ್ಲೇ ಐವತ್ತು ವರ್ಷ ಕೇಳಿರಲಿಲ್ಲ.

ಹವಾಲ್ದಾರರ ಕತೆ ಅಡುಗೆಯ ಕತೆ. ತೋಪುಖಾನೆಯ ಒಂದು ರೆಜಿಮೆಂಟಿನಲ್ಲಿ ಅಡುಗೆಯವರಾಗಿದ್ದರು. 1999ರ ಕಾರ್ಗಿಲ್ ಯುದ್ಧದಲ್ಲಿ ಅವರ ತೋಪುಗಳು ದ್ರಾಸ್ ಹತ್ತಿರ ಇದ್ದವು. ತುಂಬಾ ದಿನ ಅವರು ಯುದ್ಧದ ಬಗ್ಗೆ ಮಾತೇ ಆಡುತ್ತಿರಲಿಲ್ಲ. “ನಾನೇನು ಗುಂಡು ಹೊಡೆದವನಲ್ಲ, ಪೂರಿ ಕರಿದವನು” ಅನ್ನುತ್ತಿದ್ದರು. ಆದರೆ ಪೂರಿಯ ವಿಷಯ ತೆಗೆದರೆ ನಿಲ್ಲಿಸುವುದಿಲ್ಲ. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಬಿಸಿಗೆ ಅಕ್ಕಿ ಬೇಗ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಅನ್ನ ಆಗುವುದು ಕಷ್ಟ. ಹಗಲು ಬೆಂಕಿ ಹಾಕಿದರೆ ಹೊಗೆ ಕಾಣುತ್ತದೆ, ಮೇಲಿನ ಶಿಖರಗಳಲ್ಲಿ ಕೂತವರು ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆಯನ್ನೇ ನೋಡುತ್ತಿದ್ದಾರೆ. ಹಾಗಾಗಿ ರಾತ್ರಿ ಅಡುಗೆ. ಪೂರಿ ಎರಡು ದಿನ ಇಟ್ಟರೂ ಕೆಡುವುದಿಲ್ಲ, ಜೇಬಿನಲ್ಲಿ ಹಾಕಿಕೊಂಡು ಬೆಟ್ಟ ಹತ್ತಬಹುದು. ಶಕ್ಕರ್‌ಪಾರೆಯೂ ಹಾಗೆ. ಬೊಫೋರ್ಸ್ ತೋಪಿನ ಒಂದು ಗುಂಡು 40 ಕಿಲೋಗಿಂತ ಜಾಸ್ತಿ. ಅದನ್ನು ರಾತ್ರಿಯಿಡೀ ಎತ್ತಿ ಎತ್ತಿ ಕೊಡುವ ಹುಡುಗರಿಗೆ ಸಿಹಿ ಬೇಕೇ ಬೇಕು ಅನ್ನುತ್ತಾರೆ.

ತೋಪಿನವರಲ್ಲಿ ಕೆಲವರು ಕಾಲ್ದಳದ ಜೊತೆ ಬೆಟ್ಟ ಹತ್ತಿ ಹೋಗುತ್ತಾರೆ. ಗುಂಡು ಎಲ್ಲಿ ಬೀಳುತ್ತಿದೆ ಅಂತ ನೋಡಿ ರೇಡಿಯೋದಲ್ಲಿ ಹೇಳುವುದು ಅವರ ಕೆಲಸ. ಓಪಿ ಪಾರ್ಟಿ ಅಂತಾರೆ. ಇವರ ಓಪಿಗೆ ಐದು ಜನ ಹೋಗಿದ್ದರಂತೆ. ದಿನಾ ರಾತ್ರಿ ಐದು ಕಟ್ಟು ಮೇಲೆ ಹೋಗುತ್ತಿತ್ತು. ಪೂರಿ, ಆಲೂ, ಒಂದು ಮುಷ್ಟಿ ಶಕ್ಕರ್‌ಪಾರೆ.

“ಒಂದು ದಿವಸ ಸಂಜೆ ನಾಲ್ಕು ಕಟ್ಟು ಸಾಕು ಅಂದ್ರು. ನಾನು ಯಾಕೆ ಅಂತ ಕೇಳಲಿಲ್ಲ. ಐದನೇದು ಕಟ್ಟಿ ಆಗಿತ್ತು.”

ಇಷ್ಟು ಹೇಳಿ ಅವರು ಒಳಗೆ ಹೋದರು. ನನಗೆ ಅಡುಗೆ ಮನೆಯಿಂದ ಪಾತ್ರೆ ಸದ್ದು ಕೇಳಿಸಿತು. ಭರಣಿ ತುಂಬಿ ಇಡುವುದು ಅವರೇ, ಹೆಂಡತಿಯ ಕೈಗೂ ಆ ಕೆಲಸ ಕೊಡುವುದಿಲ್ಲ. ಚಿಕ್ಕ ಮಕ್ಕಳು ಬಂದರೆ ದುಡ್ಡು ತೆಗೆದುಕೊಳ್ಳದೆ ಒಂದು ಮುಷ್ಟಿ ಕೊಡುತ್ತಾರೆ.

ಬೆಂಚಿನ ಗೋಡೆ ಬದಿಗೆ ಕೂರುವವರು ಶ್ರೀಲಂಕಾಕ್ಕೆ ಹೋಗಿ ಬಂದವರು. ಶಾಂತಿ ಪಾಲನಾ ಪಡೆ ಅಂತ 1987ರಲ್ಲಿ ಕಳಿಸಿದ್ದರಲ್ಲ, ಅದರಲ್ಲಿ ಇದ್ದರು. ಆ ವರ್ಷವೇ ಜಾಫ್ನಾದಲ್ಲಿ ನೆಲಬಾಂಬ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. 1990ರ ಮಾರ್ಚಿನಲ್ಲಿ ಕೊನೆಯ ಪಡೆ ವಾಪಸ್ ಬರುವಷ್ಟರಲ್ಲಿ ನಮ್ಮವರು ಸುಮಾರು 1,200 ಜನ ಅಲ್ಲಿ ಸತ್ತಿದ್ದರು. ಊರಿನವರಿಗೆ ಆ ಯುದ್ಧದ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ ಅನ್ನುತ್ತಾರೆ ಇವರು. “ಪಾಕಿಸ್ತಾನದಲ್ಲಿ ಹೋಯ್ತಾ ಕಾಲು?” ಅಂತ ಕೇಳುತ್ತಿದ್ದರಂತೆ. ಹೂಂ ಅಂದುಬಿಡುತ್ತಿದ್ದರಂತೆ. ವಿವರಿಸಿ ಹೇಳುವಷ್ಟು ಶಕ್ತಿ ಇರಲಿಲ್ಲ.

ಪುಣೆಯಲ್ಲಿ ಸೈನ್ಯದ ಕೃತಕ ಕಾಲು ಕೇಂದ್ರ ಇದೆ. ಅಲ್ಲಿ ಹಾಕಿಸಿಕೊಂಡ ಕಾಲಿನಲ್ಲಿ ನಡೆಯಲು ಕಲಿತು ಊರಿಗೆ ಬಂದರು. ಮನೆಗೆ ಬರೆದ ಕಾಗದಗಳಲ್ಲಿ “ಸ್ವಲ್ಪ ಪೆಟ್ಟಾಗಿದೆ, ಈಗ ಚೆನ್ನಾಗಿದ್ದೇನೆ” ಅಂತಷ್ಟೇ ಇತ್ತು. ಬಸ್ ಇಳಿದು ಗದ್ದೆ ಅಂಚಿನ ಮೇಲೆ ನಿಧಾನವಾಗಿ ನಡೆದು ಮನೆ ಸೇರಿದರು. ಪ್ಯಾಂಟು, ಬೂಟು ಎರಡೂ ಸರಿ ಇದ್ದವು. ಅಮ್ಮ ಬಿಸಿನೀರು ಕಾಯಿಸಿ, ಬಚ್ಚಲಿಗೆ ಕರೆದರು. ಬೂಟು ಬಿಚ್ಚಿಕೊಂಡು ಬಾ ಅಂದರು. ಇವರು ಜಗಲಿ ಮೇಲೆ ಕೂತವರು ಏಳಲೇ ಇಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕಾಲು ಬಿಚ್ಚಿ ಗೋಡೆಗೆ ಒರಗಿಸಿದ್ದು. ಬೆಳಗಿನ ಜಾವ ಅಮ್ಮ ಕಸ ಗುಡಿಸಲು ಬಂದಾಗ ಮೊದಲು ಕಂಡಿದ್ದು ಅದು.

ನಾನು ಪೋಸ್ಟ್ ಆಫೀಸಿನವಳು. ಎಷ್ಟೋ ಮನೆಗಳಿಗೆ ಅಂಥ ಎರಡು ಸಾಲಿನ ಕಾಗದ ತಲುಪಿಸಿದ್ದೇನೆ. ಒಳಗೆ ಏನು ಬಿಟ್ಟು ಬರೆದಿರುತ್ತಾರೆ ಅಂತ ಅವತ್ತು ಮೊದಲ ಸಲ ಯೋಚಿಸಿದೆ.

ಕಾಶ್ಮೀರದಲ್ಲಿದ್ದು ಹತ್ತು ವರ್ಷದ ಹಿಂದೆ ಬಂದ ಒಬ್ಬರ ಕಷ್ಟ ಬೇರೆ. ನಮ್ಮ ಕಡೆ ತೋಟ, ಗದ್ದೆಗೆ ಹಂದಿ ಕಾಟ, ಮಂಗನ ಕಾಟ. ರಾತ್ರಿ ಪಟಾಕಿ ಹೊಡೆಯುತ್ತಾರೆ. ಬೆಳೆ ಕಾಯಲು ಲೈಸನ್ಸ್ ಇರುವ ಕೋವಿ ಹಲವು ಮನೆಗಳಲ್ಲಿ ಇದೆ, ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತೇವಲ್ಲ, ಅದೇ. ಇವರು ಊರಿಗೆ ಬಂದ ಮೊದಲ ವಾರವೇ ಅಕ್ಕಪಕ್ಕದವರೆಲ್ಲ ಸೇರಿ, “ಮಿಲಿಟ್ರಿಯಲ್ಲಿ ಇದ್ದೋನು ನೀನು, ಇನ್ನು ನಮ್ಗೆ ಚಿಂತೆ ಇಲ್ಲ, ಕೋವಿ ಹಿಡ್ಕೊಂಡು ಬಾ” ಅಂದರು. ಇವರು ಬರುವುದಿಲ್ಲ ಅಂದರು. ಕೋವಿ ಮುಟ್ಟುವುದಿಲ್ಲ ಅಂದರು. ಹೆದರುಪುಕ್ಕಲ ಅಂತ ಊರಲ್ಲಿ ಮಾತಾಯಿತು. ಆ ಮಾತು ಅವರ ಮಗನ ಶಾಲೆಯ ತನಕ ಹೋಯಿತು. ಈ ಬೆಂಚಿನಲ್ಲಿ ಅದನ್ನು ಹೇಳಿದಾಗ ಯಾರೂ ಯಾಕೆ ಮುಟ್ಟುವುದಿಲ್ಲ ಅಂತ ಕೇಳಲಿಲ್ಲ. “ಬೇಲಿ ಗಟ್ಟಿ ಮಾಡಿಸು” ಅಂದರು, ಯಾವ ತಂತಿ ಒಳ್ಳೆಯದು ಅಂತ ಅರ್ಧ ಗಂಟೆ ಮಾತಾಡಿದರು. ಅವರು ಅವತ್ತು ನಾಲ್ಕು ಕಡುಬು ತಿಂದರು.

ಈಗ ಅಪ್ಪಯ್ಯ. ಅವರಿಗೆ 76. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, ಅಲ್ಲಿ ತರಬೇತಿ ಪಡೆದ ಸಾಪರ್, ಅಂದರೆ ಸೇತುವೆ, ರಸ್ತೆ ಕಟ್ಟುವ ಸೈನಿಕ. ಅಲ್ಲಿಯವರನ್ನು ಸೈನ್ಯದಲ್ಲಿ ಎಲ್ಲರೂ ‘ತಂಬಿ’ ಅನ್ನುತ್ತಾರಂತೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ಭಾನುವಾರ ಗೋಡೆ ಬದಿಯವರು “ಓ, ತಂಬಿ ಸಾಬ್! ಬನ್ನಿ” ಅಂದಾಗ ಅಪ್ಪಯ್ಯನ ಮುಖ ನೋಡಬೇಕಿತ್ತು. ಆ ಹೆಸರಿನಿಂದ ಅವರನ್ನು ಯಾರೂ ಕರೆಯದೆ 40 ವರ್ಷ ಆಗಿತ್ತು.

ಅಮ್ಮ ಹೋದ ಮೇಲೆ ಅವರು ಮಾತು ಕಡಿಮೆ ಮಾಡಿದ್ದರು. ಮೊದಲೂ ಜಾಸ್ತಿ ಆಡಿದವರಲ್ಲ. 1971ರ ಯುದ್ಧಕ್ಕೆ ಹೋಗಿದ್ದರು ಅಂತ ನನಗೆ ಗೊತ್ತಿದ್ದು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಇನ್‌ಲ್ಯಾಂಡ್ ಕಾಗದಗಳಿಂದ. ಕಳಿಸಿದವರ ವಿಳಾಸದಲ್ಲಿ ನಂಬರ್, ಹೆಸರು, ಕಂಪನಿ, ಕೊನೆಗೆ 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಊರಿನ ಹೆಸರು ಇಲ್ಲ. ಪೂರ್ವದ ಕಡೆ ಇರುವ ಪಡೆಗಳ ಅಂಚೆಗೆ 99, ಉತ್ತರ, ಪಶ್ಚಿಮದ ಕಡೆಗೆ 56. ಸೈನಿಕ ಎಲ್ಲಿದ್ದಾನೆ ಅಂತ ಕಾಗದ ಹೇಳಬಾರದು. ಮನೆಗೆ ಬಂದ ಮೇಲೂ ಅಪ್ಪಯ್ಯ ಅದೇ ನಿಯಮ ಪಾಲಿಸಿದರು ಅಂತ ನನಗೆ ಈಗ ಅನ್ನಿಸುತ್ತದೆ.

ಬೆಂಚಿನಲ್ಲಿ ಅವರಿಗೂ ಅದೇ ಪ್ರಶ್ನೆ ಬಂತು. ಊಟಕ್ಕೆ ಏನಿತ್ತು? “ಬೇಳೆ, ರೊಟ್ಟಿ. ಒಂದೊಂದ್ ಸಲ ಅಲ್ಲಿನ ಹೆಂಗಸರು ಮೀನು ಸಾರು ಕೊಡೋರು. ಅಕ್ಕಿ ನಮ್ಮ ಕಡೆ ಅಕ್ಕಿ ತರಾನೇ ಇತ್ತು.” ಆಮೇಲೆ ಮಾತು ಹೊಳೆಗೆ ಹೋಯಿತು. ಪೂರ್ವ ಬಂಗಾಳ, ಈಗಿನ ಬಾಂಗ್ಲಾದೇಶ, ಅಂದರೆ ಬರೀ ಹೊಳೆ. ತುಂಗೆಗಿಂತ ದೊಡ್ಡವು, ಒಂದರ ಹಿಂದೆ ಒಂದು. ಹಿಂದೆ ಸರಿಯುವ ಸೈನ್ಯ ಸೇತುವೆ ಒಡೆದು ಹೋಗುತ್ತದೆ. ಇವರು ರಾತ್ರಿಯಲ್ಲಿ ಮತ್ತೆ ಕಟ್ಟಬೇಕು. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಢಾಕಾದಲ್ಲಿ ಮುಗಿಯಿತು. ಅಷ್ಟು ದಿನದಲ್ಲಿ ಸರಿಯಾಗಿ ಮಲಗಿದ ನೆನಪೇ ಅವರಿಗೆ ಇಲ್ಲ.

“ಬೈಲಿ ಬ್ರಿಡ್ಜ್ ಅಂತ, ಜೋಡಿಸಿ ಕಟ್ಟೋ ಸೇತುವೆ. ಕಬ್ಬಿಣದ ಪ್ಯಾನಲ್. ಹತ್ತು ಅಡಿ ಉದ್ದ, ಐದು ಅಡಿ ಎತ್ತರ. ಒಂದೊಂದು 260 ಕಿಲೋ ಹತ್ರ. ಆರು ಜನ ಎತ್ತಬೇಕು. ಒಬ್ಬ ಹಿಂದೆ ಮುಂದೆ ಆದ್ರೂ ಇನ್ನೊಬ್ಬನ ಬೆರಳು ಹೋಗ್ತದೆ. ಅದ್ಕೇ ಒಬ್ಬ ಎಣಿಸ್ಬೇಕು. ಏಕ್, ದೋ, ತೀನ್, ಉಠಾವ್.”

ನಾನು ಕೈಯಲ್ಲಿದ್ದ ಮಗ್ ಕೆಳಗಿಟ್ಟೆ. ಆ ಎಣಿಕೆ ನನಗೆ ಗೊತ್ತು. 1985ರಲ್ಲಿ ನಿವೃತ್ತರಾಗಿ ಬಂದ ಮೇಲೆ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಅಪ್ಪಯ್ಯ ನಮ್ಮ ಹಳ್ಳಕ್ಕೆ ಕಾಲುಸಂಕ ಹಾಕಿಸುತ್ತಿದ್ದರು. ಮಳೆಗಾಲದಲ್ಲಿ ಸಂಕ ಇಲ್ಲದಿದ್ದರೆ ನಾವು ಮಕ್ಕಳು ಶಾಲೆಗೆ ಹೋಗುವ ಹಾಗಿರಲಿಲ್ಲ. ಕೇರಿಯವರು ಬಂದು ಮರದ ದಿಮ್ಮಿ ಎತ್ತುವಾಗ ಅಪ್ಪಯ್ಯ ಹಿಂದಿಯಲ್ಲಿ ಎಣಿಸುತ್ತಿದ್ದರು. ಯಾವಾಗಲೂ ಆರೇ ಜನ. ನಾಲ್ಕು ಜನರಿಗೆ ಎತ್ತಲು ಆಗುವ ದಿಮ್ಮಿಗೂ ಆರು. ನಾವು ಮಕ್ಕಳು ಆ ಎಣಿಕೆ ಕೂಗಿಕೊಂಡು ಆಟ ಆಡುತ್ತಿದ್ದೆವು. ಈಗ ಅಲ್ಲಿ ಸಿಮೆಂಟಿನ ಸಂಕ ಬಂದಿದೆ.

ಊರಿಗೆ ಹೇಗೆ ಬಂದಿರಿ ಅನ್ನುವುದಕ್ಕೂ ಉತ್ತರ ಸಿಕ್ಕಿತು. 1972ರ ಮಾರ್ಚಿನಲ್ಲಿ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ವಾಪಸಾಯಿತು. ಏಪ್ರಿಲ್‌ನಲ್ಲಿ ರಜೆ. ಬೀರೂರಿನಲ್ಲಿ ಗಾಡಿ ಬದಲಿಸಿ ಶಿವಮೊಗ್ಗ, ಅಲ್ಲಿಂದ ಬಸ್ಸು, ಆಮೇಲೆ ಕರಿ ಟ್ರಂಕು ಹೊತ್ತು ನಡಿಗೆ. ಹಳ್ಳದಲ್ಲಿ ನೀರಿರಲಿಲ್ಲ. ಹಾಗೇ ಇಳಿದು ದಾಟಬಹುದಿತ್ತು. “ಆದ್ರೂ ದಡದಲ್ಲಿ ಟ್ರಂಕ್ ಮೇಲೆ ಕೂತ್ಕೊಂಡು, ಎಷ್ಟು ಅಡಿ ಅಗಲ ಅಂತ ಲೆಕ್ಕ ಹಾಕ್ದೆ. ಆಮೇಲೆ ಮನೆಗೆ ಹೋದೆ” ಅಂದರು.

ಆಗಸ್ಟ್ 15, ಜುಲೈ 26ರ ಕಾರ್ಗಿಲ್ ವಿಜಯ ದಿನ ಬಂದರೆ ಇವರಿಗೆಲ್ಲ ವೇದಿಕೆ ಮೇಲೆ ಶಾಲು, ಹಾರ, ಮೈಸೂರು ಪೇಟ. ಗೌರವ ಮಾಡುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಭಾಷಣ ಮಾಡುವವರು ಬೇರೆಯವರು. ಅಪ್ಪಯ್ಯ ಅಂಥ ಎಷ್ಟೋ ಸಭೆಗಳಲ್ಲಿ ಕೂತು ಬಂದಿದ್ದಾರೆ, ಒಂದರಲ್ಲೂ ಯಾರೂ ಅವರ ಕೈಗೆ ಮೈಕ್ ಕೊಟ್ಟಿಲ್ಲ. ಹೋಟೆಲಿಗೆ ಹೋಗುವುದಾದರೆ ಸಾದಾ ಭಾನುವಾರ ಹೋಗಿ.

ಬೆಂಚಿನಿಂದ ಉಪಯೋಗದ ಕೆಲಸವೂ ಆಗುತ್ತದೆ. ನವೆಂಬರ್ ಬಂದರೆ ಪಿಂಚಣಿಗಾಗಿ ಜೀವಂತ ಇದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕಲ್ಲ. ಅಡಿಕೆ ಸುಲಿದು ಸುಲಿದು ಕೆಲವರ ಬೆರಳಚ್ಚು ಯಂತ್ರಕ್ಕೆ ಸಿಗುವುದಿಲ್ಲ. ಮುಖ ತೋರಿಸಿಯೂ ಮಾಡಬಹುದು ಅಂತ ನಾನು ಹೇಳಿಕೊಟ್ಟೆ. ನಮ್ಮ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ ಅನ್ನುವುದೂ ಹಲವರಿಗೆ ಗೊತ್ತಿರಲಿಲ್ಲ. ಒಬ್ಬರಿಗೆ ಯಾವುದೋ ಕಚೇರಿಯಲ್ಲಿ ಮೂರು ಸಲ ಸುಮ್ನೆ ಅಲೆದಾಡಿಸಿದ್ದರು. ಅವರ ಕೆಲಸ ಇಲ್ಲಿ ಚಾ ಆರುವುದರೊಳಗೆ ಮುಗಿಯಿತು.

ಕೊರತೆಗಳನ್ನೂ ಹೇಳಬೇಕು. ಒಲೆ ಹೊಗೆ ಗಾಳಿ ತಿರುಗಿದಾಗ ಒಳಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಮಿಕ್ಸಿ ಹಾಕಿದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಶೌಚಾಲಯ ಹಿತ್ತಲಲ್ಲಿ, ಮಳೆಯಲ್ಲಿ ಕೊಡೆ ಬೇಕು. ನೆಟ್‌ವರ್ಕ್ ಹೋದರೆ ಫೋನ್‌ಪೇ ಆಗುವುದಿಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ. ಕಾರು ನಿಲ್ಲಿಸಲು ಜಾಗ ಕಡಿಮೆ, ತಿರುವು ಹತ್ತಿರ ಇರುವುದರಿಂದ ರಸ್ತೆಯಲ್ಲಿ ನಿಲ್ಲಿಸಬೇಡಿ.

ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಬಾಗಿಲಿನ ಎರಡು ಎತ್ತರದ ಮೆಟ್ಟಿಲು. ಹಿಡಿಯಲು ಏನೂ ಇರಲಿಲ್ಲ, ಮಳೆಗಾಲದಲ್ಲಿ ಪಾಚಿ ಬೇರೆ. ಗೋಡೆ ಬದಿಯವರು ಕೃತಕ ಕಾಲು ಇಟ್ಟು ಅದನ್ನು ಹತ್ತುವುದನ್ನು ನೋಡಲು ಆಗುತ್ತಿರಲಿಲ್ಲ. ಯಾರಾದರೂ ಕೈ ಕೊಟ್ಟರೆ ಅವರಿಗೆ ಇಷ್ಟವಾಗುವುದಿಲ್ಲ.

ಹೋದ ತಿಂಗಳು ಅಪ್ಪಯ್ಯ ಆ ಮೆಟ್ಟಿಲ ಮುಂದೆ ಕೂತು ಗೇಣು ಹಾಕಿ ಅಳೆಯುತ್ತಿದ್ದರು. ಯಾಕೆ ಅಂತ ಹೇಳಲಿಲ್ಲ. ಮುಂದಿನ ಭಾನುವಾರ ನಮ್ಮ ತೋಟದ್ದೇ ಎರಡು ಅಡಿಕೆ ಮರದ ತುಂಡು, ಒಂದು ಹೊರೆ ಸೀಳಿದ ದಬ್ಬೆ, ಹಗ್ಗ ಎಲ್ಲ ಆಟೋದಲ್ಲಿ ಹೇರಿಸಿದರು. ಅಗ್ನಿವೀರ ಭರ್ತಿಗೆ ಅಂತ ಬೆಳಿಗ್ಗೆ 1,600 ಮೀಟರ್ ಓಡುವ ಹುಡುಗರು ಓಟ ಮುಗಿಸಿ ಚಾ ಕುಡಿಯಲು ಇಲ್ಲಿಗೇ ಬರುತ್ತಾರೆ. ಅವರಲ್ಲಿ ಆಯ್ಕೆ ಆದವರು ನಾಲ್ಕು ವರ್ಷ ಮುಗಿಸಿದ ಮೇಲೆ ಹೆಚ್ಚಿನವರು ಇಪ್ಪತ್ತರ ಹರೆಯದಲ್ಲೇ ಊರಿಗೆ ವಾಪಸ್ ಬರುತ್ತಾರೆ. ಅವರಿಗೂ ಈ ಬೆಂಚು ಬೇಕಾಗುತ್ತದೆ ಅಂತ ನಾನು ಅಂದುಕೊಳ್ಳುತ್ತಿದ್ದೆ. ಅಪ್ಪಯ್ಯ ಅವರನ್ನು ಕರೆದರು. ಇಬ್ಬರು ಹುಡುಗರು ಮುಂದೆ ಬಂದು, “ಅಜ್ಜಾ, ನಾವಿಬ್ರೇ ಎತ್ತೇವೆ, ಬಿಡಿ” ಅಂದರು.

“ಆರು ಜನ ಬನ್ನಿ” ಅಂದರು ಅಪ್ಪಯ್ಯ. ಆರು ಜನ ಬಂದರು. ಅವರು ಎಣಿಸಿದರು.

ಈಗ ಮೆಟ್ಟಿಲ ಪಕ್ಕ ಇಳಿಜಾರಾಗಿ ದಬ್ಬೆ ಹಾಸಿದ ದಾರಿ ಇದೆ. ದಬ್ಬೆ ಇನ್ನೂ ಹಸಿ, ಮಳೆ ಬಿದ್ದರೆ ಜಾರುತ್ತದೆ. ಬಲಗಡೆ ಹಗ್ಗ ಕಟ್ಟಿದ್ದಾರೆ, ಹಿಡಿದುಕೊಂಡು ಹತ್ತಿ.